ಹಳೆ ಸಾಮಾನು ತೂಕಕ್ಕೆ ಹಾಕುವ ಮುಂಚೆ

(ಮಹಿಳಾ ಸ್ವಸಹಾಯ ಸಂಘಗಳ ವಲಯ ಮಟ್ಟದ ಸಮಾವೇಶದಲ್ಲಿ ಸಂಘದ ಸದಸ್ಯೆಯೊಬ್ಬರು ಹಂಚಿಕೊಂಡ ಅನುಭವ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನಗೆ ಮೈಕಿನ ಮುಂದೆ ನಿಂತು ಅಭ್ಯಾಸ ಇಲ್ಲ. ಸಂಘದ ನಡಾವಳಿ ಪುಸ್ತಕ ಓದೋದು ಬಿಟ್ಟರೆ ನಾಲ್ಕು ಜನರ ಎದುರು ಮಾತಾಡಿದವಳಲ್ಲ. ಹೋದ ತಿಂಗಳು ಪ್ರೇರಕಿಯವರು ಬಂದು, "ನಿಮ್ಮ ಯಜಮಾನರ ಪೆಟ್ಟಿಗೆ ವಿಷಯ ಹೇಳಿ, ಬೇರೆಯವರ ಮನೇಲೂ ಇಂಥಾದ್ದು ಇರುತ್ತೆ" ಅಂದರು. ಅದಕ್ಕೇ ನಿಂತಿದ್ದೀನಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಯಜಮಾನರದು ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಎಷ್ಟು? ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು, ಅಷ್ಟೇ. ಸಾಮಾನೆಲ್ಲ ನಮ್ಮ ಮಾವನ ಕಾಲದ್ದು. ಮಾವ ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದವರು. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿಕೊಡಿ ಅಂತ ಮಾಲೀಕರು ಹೇಳಿದರು. ಎಲ್ಲಾ ತಂದು ನಡುಮನೆಯಲ್ಲಿ ಗುಡ್ಡೆ ಹಾಕಿದೆ. ಆಸ್ಪತ್ರೆ ಸಾಲ ಒಂದು ಕಡೆ, ಮಗಳ ಕಾಲೇಜು ಫೀಸು ಕಟ್ಟೋಕೆ ಆರು ದಿನ ಉಳಿದಿತ್ತು ಅದೊಂದು ಕಡೆ.

ಗುಜರಿಯವನನ್ನು ಕರೆದೆ. ಅವನು ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿ ತಕ್ಕಡಿಗೆ ಹಾಕಿದ. ಎಲ್ಲಾ ಸೇರಿ 14 ಕೆ.ಜಿ. ಬಂತು. 1,300 ರೂಪಾಯಿ ಕೊಡ್ತೀನಿ ಅಂದ. ಅವನು ಮೋಸ ಮಾಡಿದ ಅಂತ ನಾನು ಹೇಳೋದಿಲ್ಲ. ಅವನು ಲೋಹ ಕೊಳ್ಳುವವನು, ಲೋಹಕ್ಕೆ ಸರಿಯಾದ ಬೆಲೆಯನ್ನೇ ಹೇಳಿದ. ನಾನೂ ಆಗಲಿ ಅಂದೆ. ಅವತ್ತು ಅವನ ಹತ್ತಿರ ಅಷ್ಟು ದುಡ್ಡಿರಲಿಲ್ಲ, ನಾಳೆ ಬರ್ತೀನಿ ಅಂತ ಹೋದ. ಅದೇ ಸಂಜೆ ನಮ್ಮ ಸಂಘದ ವಾರದ ಸಭೆ ಇತ್ತು.

ಸಭೆಯಲ್ಲಿ ನಾನು ಸಾಲದ ಮಾತೆತ್ತಲಿಲ್ಲ. ಮೊದಲಿನ ಸಾಲದ್ದೇ ನಾಲ್ಕು ಕಂತು ಬಾಕಿ ಇತ್ತು, ಯಾವ ಬಾಯಲ್ಲಿ ಕೇಳಲಿ? ಪೆಟ್ಟಿಗೆ ಮಾರ್ತಾ ಇದ್ದೀನಿ, ಅದರಲ್ಲಿ ಕಂತು ಕಟ್ಟಿಬಿಡ್ತೀನಿ ಅಂತ ಅಷ್ಟೇ ಹೇಳಿದೆ. ನಮ್ಮ ಅಧ್ಯಕ್ಷೆ ಅಕ್ಕ, ಅವರು ಓದಿದವರೇನಲ್ಲ, ಒಂದೇ ಮಾತು ಕೇಳಿದರು: "ಆ ಪೆಟ್ಟಿಗೇಲಿ ಏನೇನಿದೆ, ಹೆಸರು ಹೇಳು ನೋಡೋಣ." ನನಗೆ ಹೇಳೋಕೆ ಆಗಲಿಲ್ಲ. ಇಪ್ಪತ್ತೆರಡು ವರ್ಷ ಅಂಗಡಿಗೆ ಬುತ್ತಿ ತಗೊಂಡು ಹೋಗಿದ್ದೀನಿ. ಚಿಮಟ, ಐಗ್ಲಾಸು ಬಿಟ್ಟು ಒಂದಕ್ಕೂ ಹೆಸರು ಗೊತ್ತಿಲ್ಲ. "ಹೆಸರೇ ಗೊತ್ತಿಲ್ಲದ್ದಕ್ಕೆ ಬೆಲೆ ಹ್ಯಾಗೆ ಗೊತ್ತಾಗುತ್ತೆ?" ಅಂದರು. ಅವತ್ತೇ ಠರಾವು ಬರೆದು ನನಗೆ 8,000 ರೂಪಾಯಿ ಕೊಟ್ಟರು, ನೂರಕ್ಕೆ ಒಂದು ರೂಪಾಯಿ ಬಡ್ಡಿ. ಹಳೆ ಕಂತು ಮೂರು ತಿಂಗಳು ಮುಂದೂಡಿದರು. ಒಬ್ಬಿಬ್ಬರು ಸದಸ್ಯರು ಗೊಣಗಿದರು, ಅದನ್ನೂ ಹೇಳಿಬಿಡ್ತೀನಿ. ಅವರ ಗೊಣಗಾಟವೂ ನ್ಯಾಯವೇ, ಉಳಿತಾಯದ ದುಡ್ಡು ಎಲ್ಲರದು.

ಮಾರನೆ ದಿನ ಗುಜರಿಯವನಿಗೆ ಬೇಡ ಅಂದೆ. ನಮ್ಮ ಅಂಗಡೀಲಿ ಚಿಕ್ಕಂದಿನಿಂದ ಕೆಲಸ ಕಲಿತ ಹುಡುಗ ಒಬ್ಬ ಇದ್ದಾನೆ, ಈಗ ಮೊಬೈಲ್ ರಿಪೇರಿ ಇಟ್ಟುಕೊಂಡಿದ್ದಾನೆ. ಅವನನ್ನು ಕರೆಸಿದೆ. ಅವನು ಜಗಲಿ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಒಂದೊಂದೇ ಎತ್ತಿಟ್ಟು ಹೆಸರು ಹೇಳಿದ. ಮಗಳು ನೋಟ್‌ಬುಕ್ಕಲ್ಲಿ ಬರಕೊಂಡಳು. ಇಡೀ ಭಾನುವಾರ ಅದಕ್ಕೇ ಹೋಯಿತು.

ಮರದ ಪೆಟ್ಟಿಗೆಯೊಂದರಲ್ಲಿ ಸಣ್ಣ ಕಬ್ಬಿಣದ ಕಂಬ, ಅದರ ಕೆಳಗೆ ತಿರುಗುವ ತಟ್ಟೆ, ತಟ್ಟೆ ತುಂಬ ಸಣ್ಣದರಿಂದ ದೊಡ್ಡದರವರೆಗೆ ತೂತು. ಸುತ್ತಲೂ ಪೆನ್ಸಿಲ್ ತುಂಡಿನ ಹಾಗೆ ಉಕ್ಕಿನ ಕಡ್ಡಿಗಳು ಸಾಲಾಗಿ ನಿಂತಿವೆ. ಇದಕ್ಕೆ ಸ್ಟೇಕಿಂಗ್ ಸೆಟ್ ಅನ್ನುತ್ತಾರಂತೆ, ಕಡ್ಡಿಗಳಿಗೆ ಪಂಚು ಅಂತಾರೆ. ಕೀ ಕೊಡುವ ವಾಚಿನಲ್ಲಿ ಆ ಕಡೆ ಈ ಕಡೆ ತೂಗುವ ಒಂದು ಚಕ್ರ ಇರುತ್ತಲ್ಲ, ಟಿಕ್ ಟಿಕ್ ಅನ್ನೋದು ಅದರಿಂದ. ಹಳೇ ಕೀ ವಾಚುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 5 ಟಿಕ್ಕು. ಆ ಚಕ್ರದ ಅಚ್ಚಿನ ತುದಿ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ವಾಚು ಕೈ ಜಾರಿ ನೆಲಕ್ಕೆ ಬಿದ್ದರೆ ಮೊದಲು ಮುರಿಯೋದು ಅದೇ. ಹೊಸ ಅಚ್ಚನ್ನು ಚಕ್ರಕ್ಕೆ ಕೂರಿಸಿ, ಒಂದು ಚೂರೂ ವಾಲದ ಹಾಗೆ ಮೇಲಿಂದ ತಟ್ಟೋಕೆ ಈ ಸೆಟ್ಟು. ಪಂಚುಗಳು ಎಲ್ಲಾ ಇದ್ದರೆ ಒಂದು ಬೆಲೆ, ಕೆಲವು ಕಾಣೆಯಾದರೆ ಬೆಲೆ ಇಳಿಯುತ್ತೆ. ನಮ್ಮದರಲ್ಲಿ ಮೂರು ಗೂಡು ಖಾಲಿ. ಹುಡುಗ ಕೇಳಿದಾಗ ನನಗೆ ನಾಚಿಕೆ ಆಯಿತು. ಒಂದು ನಮ್ಮ ಅಡುಗೆಮನೇಲೇ ಇತ್ತು, ತೆಂಗಿನಕಾಯಿ ಕಣ್ಣು ಚುಚ್ಚೋಕೆ ನಾನೇ ಎಷ್ಟೋ ವರ್ಷದಿಂದ ಬಳಸ್ತಾ ಇದ್ದೆ! ತೊಳೆದು ಗೂಡಿಗೆ ಸೇರಿಸಿದೆ. ಮಿಕ್ಕ ಎರಡು ಸಿಗಲೇ ಇಲ್ಲ.

ಇನ್ನೊಂದು, ಒಂದು ಮೊಳದಷ್ಟೂ ಉದ್ದವಿಲ್ಲದ ಲೇತು. ಮಾವ ಅದರ ಮೇಲೆ ಉಕ್ಕಿನ ತಂತಿ ತಿರುಗಿಸಿ ಅಚ್ಚನ್ನು ಕೈಯಲ್ಲೇ ಮಾಡುತ್ತಿದ್ದರಂತೆ. ಅದರ ಜೊತೆ ತಗಡಿನ ಡಬ್ಬಿಯಲ್ಲಿ ಬೆರಳುದ್ದದ ಟೊಳ್ಳು ತುಂಡುಗಳಿದ್ದವು, ಕಾಲೆಟ್ ಅಂತ ಹೆಸರು. ಪ್ರತಿಯೊಂದರ ಮುಖದ ಮೇಲೂ ನಂಬರ್ ಕೊರೆದಿರುತ್ತೆ. 10 ಅಂತ ಇದ್ದರೆ ತೂತಿನ ಅಳತೆ 1 ಮಿಲಿಮೀಟರ್, 5 ಇದ್ದರೆ ಅರ್ಧ ಮಿಲಿಮೀಟರ್. ಗುಜರಿಯವನು ಲೇತನ್ನು ಒಂದು ಗುಡ್ಡೆಗೆ, ಡಬ್ಬಿಯನ್ನು ಇನ್ನೊಂದಕ್ಕೆ ಹಾಕಿದ್ದ. ಕಾಲೆಟ್ ಇಲ್ಲದ ಲೇತು ಅಂದರೆ ಸೂಜಿ ಇಲ್ಲದ ಹೊಲಿಗೆ ಮಿಷಿನ್ ಇದ್ದ ಹಾಗೆ. ಜೋಡಿ ಒಡೆದರೆ ಎರಡೂ ಕೆಟ್ಟವು.

ಕಲ್ಲು ಕೂರಿಸುವ ಪ್ರೆಸ್ಸೂ ಒಂದಿತ್ತು. ವಾಚಿನ ಮೇಲೆ "17 ಜ್ಯುವೆಲ್ಸ್" ಅಂತ ಬರೆದಿರೋದು ನೋಡಿದ್ದೀರಲ್ಲ? ಅದನ್ನು ನೋಡಿ ಎಷ್ಟೋ ಜನ ಒಳಗೆ ಮಾಣಿಕ್ಯ ಇದೆ, ಚಿನ್ನದಂಗಡಿಗೆ ಕೊಟ್ಟರೆ ದುಡ್ಡು ಬರುತ್ತೆ ಅಂದುಕೊಂಡಿದ್ದಾರೆ. ಮಾಣಿಕ್ಯವೇ ಹೌದು, ಆದರೆ ಕುಲುಮೆಯಲ್ಲಿ ಮಾಡಿದ್ದು. ಫ್ರಾನ್ಸಿನ ವರ್ನಾಯ್ ಅನ್ನೋ ವಿಜ್ಞಾನಿ 1902ರಲ್ಲಿ ಅದನ್ನು ಮಾಡುವ ವಿಧಾನ ಪ್ರಕಟಿಸಿದರು. ಚಕ್ರದ ಅಚ್ಚು ಸವೆಯದೆ ತಿರುಗಲಿ ಅಂತ ಅದನ್ನು ಇಡೋದು, ಒಡವೆಗಲ್ಲ. ಆ ಆಸೆಗೆ ಯಾರೂ ವಾಚು ಒಡೆಯಬೇಡಿ.

ಪೆಟ್ಟಿಗೆ ತಳದಲ್ಲಿ ಕೆಲವು ಬಾಟಲಿಗಳಿದ್ದವು. ಹುಡುಗ ಅದನ್ನು ಮುಟ್ಟಗೊಡಲಿಲ್ಲ. ಈ ವಿಷಯ ಸ್ವಲ್ಪ ನಿಂತು ಹೇಳ್ತೀನಿ. ಹಳೇ ಗಡಿಯಾರದ ಮುಳ್ಳು, ಅಂಕಿ ಕತ್ತಲಲ್ಲಿ ಹೊಳೆಯಲಿ ಅಂತ ಮೊದಲು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಈಗ ನಾವು ಗಾಡಿಗೆ ಅಂಟಿಸುವ "ರೇಡಿಯಂ ಸ್ಟಿಕ್ಕರ್" ಬರೀ ಹೆಸರಿಗೆ ರೇಡಿಯಂ, ಅದರಿಂದ ಭಯವಿಲ್ಲ. ಇದು ನಿಜವಾದ್ದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಆರೆಂಜ್ ಅನ್ನೋ ಊರಿನ ಕಾರ್ಖಾನೆಯಲ್ಲಿ 1917ರಿಂದ ಹೆಣ್ಣುಮಕ್ಕಳು ಈ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದರು. ಕುಂಚದ ತುದಿ ಚೂಪಾಗಲಿ ಅಂತ ತುಟಿಯಲ್ಲಿಟ್ಟು ಎಳೆಯೋಕೆ ಅವರಿಗೆ ಕಲಿಸಿದ್ದರು. ಬಣ್ಣ ಹೊಟ್ಟೆಗೆ ಹೋಗಿ ದವಡೆ ಮೂಳೆ ಕೊಳೆಯಿತು, ಎಷ್ಟೋ ಜನ ಸತ್ತರು. ಐದು ಜನ ಹೆಂಗಸರು ಮೊಕದ್ದಮೆ ಹಾಕಿ ಹೋರಾಡಿ, 1928ರಲ್ಲಿ ಕಂಪನಿ ಪರಿಹಾರಕ್ಕೆ ಒಪ್ಪಬೇಕಾಯಿತು. ಬಣ್ಣದ ಹೊಳಪು ಕೆಲವು ವರ್ಷಕ್ಕೆ ಸಾಯುತ್ತೆ, ವಿಷ ಸಾಯೋದಿಲ್ಲ. ರೇಡಿಯಂ ಅರ್ಧ ಆಗೋಕೇ 1,600 ವರ್ಷ ಬೇಕಂತೆ. ಹಾಗಾಗಿ ಹಳೇ ಗಡಿಯಾರದ ಅಂಕಿ ಮೇಲಿನ ಹಳದಿ ಕಂದು ಬಣ್ಣ ಕೆರೆಯಬೇಡಿ, ಪುಡಿ ಊದಬೇಡಿ, ಚೀಟಿ ಇಲ್ಲದ ಬಾಟಲಿ ಮೂಸಬೇಡಿ, ಒಲೆಗೆ ಹಾಕಬೇಡಿ. ಭದ್ರವಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗಿಟ್ಟು, ತಿಳಿದವರನ್ನು ಕೇಳಿ.

ಹುಡುಗ ಹೋಗುವಾಗ ಇನ್ನೊಂದು ಎಚ್ಚರಿಕೆ ಹೇಳಿದ. ನಾನು ಎಲ್ಲಾ ಫಳಫಳ ಮಾಡಬೇಕು ಅಂತ ಉಪ್ಪುಕಾಗದ ತಂದಿಟ್ಟಿದ್ದೆ. "ಬೇಡಮ್ಮ, ಉಜ್ಜಿದರೆ ಅಳತೆ ಹೋಗುತ್ತೆ, ಕಂಪನಿ ಹೆಸರೂ ಅಳಿಸಿಹೋಗುತ್ತೆ, ಆಮೇಲೆ ಅದು ನಿಜವಾಗಿ ಗುಜರಿಯೇ" ಅಂದ. ಒಣ ಬಟ್ಟೇಲಿ ಒರೆಸಿ, ಹೊಲಿಗೆ ಮಿಷಿನ್ ಎಣ್ಣೆ ಒಂದೇ ತೊಟ್ಟು ಸವರಿದೆವು. ಕೊಬ್ಬರಿ ಎಣ್ಣೆ ಹಚ್ಚಬಾರದು, ಅಂಟಾಗುತ್ತೆ. ಹೆಸರು ಮುಖ್ಯ ಅನ್ನೋದು ಆಮೇಲೆ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಬರ್ಜನ್, ಜರ್ಮನಿಯ ಬೋಲಿ, ಲಾರ್ಚ್, ಇಂಥ ಹೆಸರು ಕೊರೆದಿದ್ದರೆ ತಿಳಿದವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ನಮ್ಮ ಲೇತಿನ ಮೇಲೆ ಜಿಡ್ಡು ಒರೆಸಿದಾಗ ಬೋಲಿ ಅಂತ ಕಾಣಿಸಿತು.

ಪೆಟ್ಟಿಗೆ ಮುಚ್ಚಳದ ಒಳಗಡೆ ಮಾವ ಒಬ್ಬ ಸಂತರ ಚಿತ್ರ ಅಂಟಿಸಿದ್ದರು, ಕೈಯಲ್ಲಿ ಸುತ್ತಿಗೆ. ಯಾರು ಅಂತ ನಮಗೆ ಗೊತ್ತಿರಲಿಲ್ಲ. ಸ್ವಾಮಿಗಳನ್ನು ಕೇಳಿದರೆ, ಸಂತ ಎಲಿಜಿಯುಸ್, ಏಳನೇ ಶತಮಾನದಲ್ಲಿ ಅಕ್ಕಸಾಲಿಗರಾಗಿದ್ದು ಆಮೇಲೆ ಬಿಷಪರಾದವರು, ಲೋಹದ ಕೆಲಸದವರ ಪಾಲಕರು ಅಂದರು. ಡಿಸೆಂಬರ್ 1 ಅವರ ಹಬ್ಬ. ಮುಚ್ಚಳ ಮಾತ್ರ ನಾನು ಕೊಡಲಿಲ್ಲ.

ಈಗ ಕೊಳ್ಳುವವರು ಯಾರು ಅನ್ನೋ ವಿಷಯ. ಇದು ಹಳೇ ಕಾಲದ್ದು, ಯಾರಿಗೆ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಈ ಕೆಲಸ ಮುಳುಗಿದ್ದು ಹೇಗೆ ಅಂತ ಹುಡುಗ ಹೇಳಿದ ಮೇಲೆ, ಅದು ಪೂರ್ತಿ ಮುಳುಗಿಲ್ಲ ಅಂತಲೂ ತಿಳಿಯಿತು. ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರಿನಲ್ಲಿ ಸೆಲ್ಲಿನ ಕೈಗಡಿಯಾರ ಮಾರಾಟಕ್ಕೆ ತಂತು. ನಮ್ಮಲ್ಲಿ ಬೆಂಗಳೂರಿನ ಎಚ್.ಎಂ.ಟಿ. 1961ರಿಂದ ಸಿಟಿಜನ್ ಕಂಪನಿ ಸಹಯೋಗದಲ್ಲಿ ಕೀ ವಾಚು ಮಾಡುತ್ತಿತ್ತು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಗೆ ಅಳಿಯನಿಗೆ ಎಚ್.ಎಂ.ಟಿ. ವಾಚು ಅನ್ನೋ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 1987ರಲ್ಲಿ ಟೈಟಾನ್‌ನ ಸೆಲ್ಲಿನ ವಾಚು ಬಂತು, ಅದಾದ ಮೇಲೆ ಮೊಬೈಲು. ಕೊನೆಕೊನೆಗೆ ನಮ್ಮ ಅಂಗಡಿಗೆ ಬರುತ್ತಿದ್ದವರು ಸೆಲ್ಲು ಬದಲಾಯಿಸಿ, ಬೆಲ್ಟು ಹಾಕಿ ಅನ್ನುವವರೇ. ಎಚ್.ಎಂ.ಟಿ. ವಾಚಸ್ ಮುಚ್ಚೋಕೆ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಇಲ್ಲಿ ಒಂದು ಸ್ವಾರಸ್ಯ ನೋಡಿ. ಕಾರ್ಖಾನೆ ನಡೀತಾ ಇದ್ದಾಗ ಅಚ್ಚು, ಸ್ಪ್ರಿಂಗು ಎಲ್ಲಾ ಪೊಟ್ಟಣದಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಅದಕ್ಕೇ ಲೇತು ಮೂಲೆ ಸೇರಿತು. ಕಾರ್ಖಾನೆ ಮುಚ್ಚಿದ ಮೇಲೆ ಹಳೇ ಎಚ್.ಎಂ.ಟಿ. ವಾಚುಗಳನ್ನು ಹುಡುಕಿ ಕೊಳ್ಳುವವರು ಹುಟ್ಟಿಕೊಂಡರು, ಬಿಡಿಭಾಗ ಸಿಗೋದು ಮಾತ್ರ ಕಷ್ಟವಾಯಿತು. ಅಂಗಡೀಲಿ ಸಿಗದಿದ್ದರೆ ಕೈಯಲ್ಲಿ ಮಾಡಬೇಕು. ಕೈಯಲ್ಲಿ ಮಾಡೋಕೆ ಲೇತು ಬೇಕು. ನಮ್ಮ ಮಾವನ ಲೇತು ಮೂವತ್ತು ವರ್ಷ ನಿದ್ದೆ ಮಾಡಿ ಮತ್ತೆ ಎದ್ದ ಹಾಗಾಯಿತು.

ಮಗಳು ಒಂದೊಂದಕ್ಕೂ ಪಕ್ಕದಲ್ಲಿ ಸ್ಕೇಲ್ ಇಟ್ಟು, ಹೆಸರು ಕೊರೆದ ಜಾಗ ಕಾಣೋ ಹಾಗೆ ಫೋಟೋ ತೆಗೆದು, ಮೊಬೈಲಿನಲ್ಲಿ ಹಳೇ ಸಾಮಾನು ಮಾರುವ ಕಡೆ ಹಾಕಿದಳು. ಮೊದಲನೇ ದಿನವೇ ಒಬ್ಬ ಫೋನ್ ಮಾಡಿ, ನಾನು ಮಿಲಿಟರಿ ಆಫೀಸರ್, ನೀವು ಹೇಳಿದ ರೇಟಿಗೇ ತಗೋತೀನಿ ಅಂದ. ಚೌಕಾಸಿಯೇ ಇಲ್ಲ! ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಅಂದ. ಮಗಳು ಒತ್ತೋಕೆ ಹೋಗಿದ್ದಳು. ನಮ್ಮ ಸಂಘದ ಖಜಾಂಚಿ ಅಲ್ಲೇ ಕೂತಿದ್ದರು, ಫೋನ್ ಕಸಿದುಕೊಂಡರು. ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಆಮೇಲೆ ನಿಜವಾದ ಜನ ಬಂದರು. ಬೆಂಗಳೂರಿನ ಒಬ್ಬ ಹಿರಿಯ ರಿಪೇರಿಯವರು ಬಸ್ಸಲ್ಲಿ ಬಂದು, ಲೇತು ತಿರುಗಿಸಿ ಕಿವಿ ಇಟ್ಟು ಕೇಳಿ, ಕಾಲೆಟ್ ಒಂದೊಂದೇ ನೋಡಿ, 16,500 ಕೊಟ್ಟರು. ಕಲ್ಲು ಕೂರಿಸುವ ಪ್ರೆಸ್ಸನ್ನು ಹಳೇ ವಾಚು ಕೂಡಿಡುವ ಒಬ್ಬರು 4,000ಕ್ಕೆ ತಗೊಂಡರು. ಇದನ್ನೇ ರೇಟು ಅಂತ ಹಿಡಕೊಳ್ಳಬೇಡಿ. ಕಂಪನಿ, ಸ್ಥಿತಿ, ಕೊಳ್ಳುವವರ ಅಗತ್ಯ ಇದರ ಮೇಲೆ ಹೆಚ್ಚುಕಡಿಮೆ ಆಗುತ್ತೆ. ಸಣ್ಣ ಅರ, ಕೈ ವೈಸು, ಚಿಕ್ಕ ಅಡಿಗಲ್ಲು ಅಕ್ಕಸಾಲಿಗರ ಬೀದಿಯಲ್ಲಿ ಹೋದವು. ಚಿನ್ನದ ಕೆಲಸಕ್ಕೂ ಅವೇ ಬೇಕು. ಕನ್ನಡಕದ ಅಂಗಡಿಯವರು ಸ್ಕ್ರೂಡ್ರೈವರ್ ಕೇಳಿದರು, ಆದರೆ ಒಂದು ಸೆಟ್ಟನ್ನು ನಾನು ನಮ್ಮ ಹೊಲಿಗೆ ತರಬೇತಿ ಕೇಂದ್ರಕ್ಕೆ ಕೊಟ್ಟೆ. ಬಾಬಿನ್ ಕೇಸಿನ ಸಣ್ಣ ತಿರುಪು ಅಡುಗೆಮನೆ ಚಾಕುವಿನಲ್ಲಿ ತಿರುಗಿಸಿ ತಿರುಗಿಸಿ ತಲೆ ಸವೆದುಹೋಗಿತ್ತಲ್ಲ, ಈಗ ಆ ತೊಂದರೆ ಇಲ್ಲ. ಐಗ್ಲಾಸು ಕಂಬಿ ಸಮೇತ ನಮ್ಮ ಸಂಘದ ಮಣಿ ಪೋಣಿಸುವ ಅಕ್ಕನ ಹತ್ತಿರ ಇದೆ.

ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್.ಎಂ.ಟಿ.ಯವರು ಒಂದು ಮ್ಯೂಸಿಯಂ ತೆರೆದಿದ್ದಾರೆ. ಮ್ಯೂಸಿಯಮ್ಮಿಗೆ ಕೊಡಿ, ಹೆಸರು ಉಳಿಯುತ್ತೆ ಅಂತ ಕೆಲವರು ಹೇಳಿದರು. ಕೊಡುವ ಶಕ್ತಿ ಇದ್ದವರು ಅಂಥ ಜಾಗಕ್ಕೆ ಕೇಳಿ ನೋಡಬಹುದು. ನನಗೆ ಅವತ್ತು ಫೀಸಿನ ದುಡ್ಡು ಬೇಕಿತ್ತು.

ಸ್ಟೇಕಿಂಗ್ ಸೆಟ್ಟಿನದೇ ತೊಡಕಾಯಿತು. ಒಬ್ಬರು 9,000 ಕೊಡ್ತೀನಿ ಅಂದರು. ಅದು ನನಗೆ ಬೇಕಿತ್ತು ಅಂತ ನಮ್ಮ ಹುಡುಗನೂ ಕೇಳಿದ. ವಾರಕ್ಕೆ ಒಂದೆರಡು ಕೀ ವಾಚು ಅವನ ಹತ್ತಿರ ಬರುತ್ತಂತೆ, ಸೆಟ್ಟಿಲ್ಲದೆ ವಾಪಸ್ ಕಳಿಸ್ತಾನೆ. ದುಡ್ಡಿಲ್ಲ, ತಿಂಗಳಿಗೆ 500 ಕೊಡ್ತೀನಿ ಅಂದ. ನನ್ನ ಅಣ್ಣ, "ಮನೇಲಿ ಕಷ್ಟ ಇಟ್ಟುಕೊಂಡು ದಾನ ಮಾಡ್ತೀಯಾ?" ಅಂತ ಬೈದರು. ಮಗಳೂ ಬೇಡ ಅಂದಳು. ಆದರೆ ಆ ಹುಡುಗ ಹತ್ತು ವರ್ಷ ನಮ್ಮ ಅಂಗಡೀಲಿ ಕೂತು ದುಡಿದವನು, ಅವನಿಗೆ ನಾವು ಕೊಟ್ಟ ಸಂಬಳ ಎಷ್ಟು ಅಂತ ನನಗೆ ಗೊತ್ತು. ಜಗಲಿ ಮೇಲೆ ಇಡೀ ದಿನ ಕೂತು ಹೆಸರು ಹೇಳಿಕೊಟ್ಟವನೂ ಅವನೇ. 5,000ಕ್ಕೆ ಕಂತಿನ ಮೇಲೆ ಕೊಟ್ಟೆ, ಸಂಘದ ಹಾಗೆ ಒಂದು ಪಾಸ್‌ಬುಕ್ ಮಾಡಿ. ಇದುವರೆಗೆ ಆರು ಕಂತು ಬಂದಿದೆ, ಎರಡು ತಿಂಗಳು ತಪ್ಪಿಸಿದ್ದಾನೆ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ನಮ್ಮ ಮನೇಲಿ ಇನ್ನೂ ಜಗಳ ಮುಗಿದಿಲ್ಲ. ಸಂಘದ ಸಾಲ ಮಾತ್ರ ಬಡ್ಡಿ ಸಮೇತ ತೀರಿಸಿದ್ದೀನಿ, ಲೆಕ್ಕದ ಪುಸ್ತಕದಲ್ಲಿದೆ.

ಕೊನೆಯದಾಗಿ ಒಂದು ಕೋರಿಕೆ. ಸಾಮಾನಿನ ಜೊತೆ ಬಿಸ್ಕತ್ ಡಬ್ಬಿಯೊಂದರಲ್ಲಿ 27 ವಾಚುಗಳಿದ್ದವು. ರಿಪೇರಿಗೆ ಕೊಟ್ಟು ಹೋದವರು ವಾಪಸ್ ಬಂದಿಲ್ಲ. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದೆ, ಯಜಮಾನರ ಅಕ್ಷರದಲ್ಲಿ ಹೆಸರು, ಊರು, ಏನು ಕೆಟ್ಟಿದೆ ಅಂತ. ಗುಜರಿಯವನೂ, ಕೊಳ್ಳೋಕೆ ಬಂದವರೂ ಇದನ್ನೇ ಮೊದಲು ಕೇಳಿದರು, ಒಳ್ಳೇ ಬೆಲೆಯನ್ನೂ ಹೇಳಿದರು. ಅದು ನನ್ನದಲ್ಲ, ಹೇಗೆ ಮಾರಲಿ? ಊರೂರಿನ ಸಂಘದವರ ಕೈಯಲ್ಲಿ ಹೇಳಿಕಳಿಸಿ 18 ಮುಟ್ಟಿಸಿದ್ದೀನಿ. ಒಬ್ಬ ಅಜ್ಜಿ, ಅದು ಅವರ ಸತ್ತುಹೋದ ಮಗನ ವಾಚು, ಕೀ ಕೊಟ್ಟು ಕಿವಿಗಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಇನ್ನು 9 ಉಳಿದಿವೆ. ಇವತ್ತು ತಂದಿದ್ದೀನಿ, ಹಿಂದುಗಡೆ ಊಟದ ಟೋಕನ್ ಕೊಡುವ ಮೇಜಿನ ಮೇಲೆ ಇಟ್ಟಿದೆ. ಚೀಟಿ ಮೇಲಿನ ಊರು ನಿಮ್ಮದಾಗಿದ್ದರೆ ದಯವಿಟ್ಟು ನೋಡಿ ಹೇಳಿ. ರಸೀದಿ ಕಳೆದಿದ್ದರೂ ಪರವಾಗಿಲ್ಲ, ವಾಚಿನ ಗುರುತು ಹೇಳಿದರೆ ಸಾಕು. ರಿಪೇರಿ ದುಡ್ಡು ಬೇಡ, ಅದರಲ್ಲಿ ಐದು ವಾಚು ಇನ್ನೂ ರಿಪೇರಿಯೇ ಆಗಿಲ್ಲ.